ಗೋಬರ್ ಅನಿಲ: ಒಲೆಯಿಂದ ಗುಂಡಿಯ ಬಾಯಿಯವರೆಗೆ
(ಬಾನುಲಿ ಭಾಷಣದ ಪಾಠ)



ಕೆರೆಯಂಚಿನ ಕೆಸರಿಗೆ ಕೋಲು ಚುಚ್ಚಿದರೆ ಬುಳುಬುಳನೆ ಗುಳ್ಳೆಗಳು ಮೇಲೆ ಬರುವುದನ್ನು ದನ ಮೇಯಿಸುವ ಹುಡುಗರೂ ಬಲ್ಲರು. ಈ ಗುಳ್ಳೆಯಲ್ಲಿರುವುದು ಉರಿಯುವ ಅನಿಲವೆಂದು 1776ರಲ್ಲಿ ಇಟಲಿಯ ವಿಜ್ಞಾನಿ ವೋಲ್ಟಾ ಅವರು ಸರೋವರದ ಕೆಸರಿನಿಂದ ಅದನ್ನು ಹಿಡಿದು ತೋರಿಸಿದರು. ಗಾಳಿಯಾಡದ ಜಾಗದಲ್ಲಿ ಕೊಳೆಯುವ ಪದಾರ್ಥದಿಂದ ಹುಟ್ಟುವ ಆ ಅನಿಲವೇ ಇಂದು ಸಗಣಿಯಿಂದ ತಯಾರಾಗಿ ರೈತನ ಅಡಿಗೆಮನೆಯಲ್ಲಿ ಅನ್ನ ಬೇಯಿಸುತ್ತಿದೆ.

ಭಾರತದಲ್ಲಿ ಜಶಭಾಯಿ ಪಟೇಲರು ರೂಪಿಸಿದ ತೇಲುವ ಡ್ರಮ್ಮಿನ ಸ್ಥಾವರವನ್ನು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು 1960ರ ದಶಕದ ಆರಂಭದಿಂದ ಹಳ್ಳಿಗಳಿಗೆ ಒಯ್ದಿತು. 1978ರಲ್ಲಿ ಇಟ್ಟಿಗೆ ಗುಮ್ಮಟದ ಜನತಾ ಮಾದರಿ, 1984ರಲ್ಲಿ ಅದಕ್ಕಿಂತ ಕಡಿಮೆ ಖರ್ಚಿನ ದೀನಬಂಧು ಮಾದರಿ ಬಂದವು. ಕರ್ನಾಟಕದಲ್ಲಿ ಶಿರಸಿ ಸೀಮೆಯ ಅಡಿಕೆ ತೋಟಿಗರಿಂದ ಹಿಡಿದು ಬಯಲುಸೀಮೆಯ ಹೈನುಗಾರರವರೆಗೆ ಅನೇಕರು ಇವನ್ನು ಕಟ್ಟಿಸಿಕೊಂಡರು. ಸೌದೆ ಉಳಿಯಿತು, ಹೆಂಗಸರ ಕಣ್ಣಿನ ಹೊಗೆ ತಪ್ಪಿತು, ತೋಟಕ್ಕೆ ಕಳಿತ ಗೊಬ್ಬರ ಸಿಕ್ಕಿತು.

ಆದರೆ ಸ್ಥಾವರ ಕಟ್ಟಿಸುವುದು ಒಂದು ತಿಂಗಳ ಕೆಲಸ. ಅದನ್ನು ನೋಡಿಕೊಳ್ಳುವುದು ಇಪ್ಪತ್ತು ವರ್ಷಗಳ ಕೆಲಸ. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ವಿಭಾಗವು ಊರಿನ ಸಗಣಿಯಿಂದ ಅನಿಲ ತೆಗೆದು, 1987ರಿಂದ ಅದರಿಂದಲೇ ಎಂಜಿನ್ ನಡೆಸಿ ಮನೆಗಳಿಗೆ ನೀರು, ಬೆಳಕು ಒದಗಿಸಿತು. ಆ ಸ್ಥಾವರವನ್ನು ದಿನವೂ ನಡೆಸಿದವರು ತರಬೇತಿ ಪಡೆದ ಅದೇ ಊರಿನ ತರುಣರು. ಸ್ಥಾವರ ದೊಡ್ಡದಿರಲಿ, ಮನೆಯ ಹಿತ್ತಲಿನ ಚಿಕ್ಕದಿರಲಿ, ಅದು ಬಾಳುವುದು ದಿನವೂ ಅದನ್ನು ಗಮನಿಸುವ ಕೈಯಿಂದಲೇ.

ಇಂದಿನ ಮಾತು ಈ ನೋಡಿಕೊಳ್ಳುವಿಕೆಯನ್ನು ಕುರಿತದ್ದು. ಇದರಲ್ಲಿ ಎರಡು ಭಾಗಗಳಿವೆ. ಒಲೆ, ಕೊಳವೆ, ಡ್ರಮ್ಮು, ಸಗಣಿ ಕಲಸುವ ತೊಟ್ಟಿ - ಇವುಗಳ ಪಾಲನೆ ಮನೆಯವರ ಕೆಲಸ. ಗುಂಡಿಯ ಒಳಗೆ ಇಳಿಯುವುದು ಮನೆಯವರ ಕೆಲಸವಲ್ಲ. ಮೊದಲ ಭಾಗದಲ್ಲಿ ಅಲಕ್ಷ್ಯ ಮಾಡಿದರೆ ಅನಿಲ ನಷ್ಟವಾಗುತ್ತದೆ, ಒಮ್ಮೊಮ್ಮೆ ಬೆಂಕಿಯ ಅನಾಹುತವಾಗುತ್ತದೆ. ಎರಡನೆಯದರಲ್ಲಿ ತಪ್ಪಿದರೆ ಹೋಗುವುದು ಪ್ರಾಣ.

ಅನಿಲದ ಗುಣ

ಗೋಬರ್ ಅನಿಲದಲ್ಲಿ ನೂರಕ್ಕೆ 55ರಿಂದ 65 ಭಾಗ ಮೀಥೇನ್ ಇರುತ್ತದೆ. ಉರಿಯುವುದು ಇದೇ. ಉಳಿದ ಬಹುಭಾಗ ಇಂಗಾಲದ ಡೈಆಕ್ಸೈಡ್, ಇದು ಉರಿಯುವುದಿಲ್ಲ. ಜೊತೆಗೆ ನೀರಿನ ಆವಿ ಮತ್ತು ಅತ್ಯಲ್ಪ ಪ್ರಮಾಣದಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತವೆ. ಕೊಳೆತ ಮೊಟ್ಟೆಯ ವಾಸನೆ ಬರುವುದು ಈ ಕೊನೆಯದರಿಂದ.

ಮೀಥೇನ್ ಗಾಳಿಗಿಂತ ಹಗುರ. ಗಾಳಿಯಲ್ಲಿ ಅದು ನೂರಕ್ಕೆ 5ರಿಂದ 15 ಭಾಗ ಬೆರೆತಾಗ ಒಂದು ಕಿಡಿ ತಗುಲಿದರೂ ಸಿಡಿಯುತ್ತದೆ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಅದು ತಗ್ಗಿನಲ್ಲಿ ನಿಲ್ಲುತ್ತದೆ. ಹೈಡ್ರೋಜನ್ ಸಲ್ಫೈಡ್ ಕೂಡ ಗಾಳಿಗಿಂತ ಸ್ವಲ್ಪ ಭಾರ, ಮತ್ತು ವಿಷ. ಈ ನಾಲ್ಕು ಸಂಗತಿಗಳನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ಎಚ್ಚರಿಕೆಗಳಿಗೆಲ್ಲ ಕಾರಣ ತಾನಾಗಿಯೇ ತಿಳಿಯುತ್ತದೆ.

ಉರಿಯೇ ಮೊದಲ ಸೂಚನೆ

ಸ್ಥಾವರದಲ್ಲಿ ಏನೇ ದೋಷವಿದ್ದರೂ ಅದು ಮೊದಲು ಕಾಣುವುದು ಒಲೆಯ ಉರಿಯಲ್ಲಿ. ಆದ್ದರಿಂದ ಮೊದಲು ಅದನ್ನು ಕಾಣುವವಳು ಮನೆಯ ಗೃಹಿಣಿ. ಸ್ಥಾವರದ ವಿಷಯ ಗಂಡಸರದೆಂದು ಆಕೆಯನ್ನು ದೂರ ಇಡುವುದು ತಪ್ಪು. ತರಬೇತಿ ಶಿಬಿರಗಳಿಗೆ ಆಕೆಯೂ ಹೋಗಬೇಕು. ಮುಖ್ಯ ಕೊಳಾಯಿ ಎಲ್ಲಿದೆ, ಅದನ್ನು ಹೇಗೆ ಮುಚ್ಚಬೇಕು ಎಂಬುದು ಮನೆಯ ಎಲ್ಲ ಹಿರಿಯರಿಗೂ ತಿಳಿದಿರಬೇಕು.

ಒಳ್ಳೆಯ ಉರಿ ತಿಳಿ ನೀಲಿ ಬಣ್ಣದ್ದು. ಪಾತ್ರೆಯ ತಳಕ್ಕೆ ಮಸಿ ಹಿಡಿಯುವುದಿಲ್ಲ. ಹಗಲು ಬೆಳಕಿನಲ್ಲಿ ಈ ಉರಿ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಒಲೆ ಆರಿದೆಯೆಂದು ಕೈ ಚಾಚಿ ಸುಟ್ಟುಕೊಂಡವರುಂಟು.

ಉರಿ ಹಳದಿಯಾಗಿ, ಸೋಮಾರಿಯಾಗಿ ಮೇಲೆದ್ದು, ಪಾತ್ರೆಗೆ ಮಸಿ ಹಿಡಿಯುತ್ತಿದ್ದರೆ ಅನಿಲಕ್ಕೆ ಸಾಕಷ್ಟು ಗಾಳಿ ಬೆರೆಯುತ್ತಿಲ್ಲವೆಂದು ಅರ್ಥ. ಒಲೆಯ ಕೆಳಗಿನ ಗಾಳಿ ಕಿಂಡಿಯನ್ನು ಸ್ವಲ್ಪ ತೆರೆಯಬೇಕು. ಕಿಂಡಿಗೆ ಜೇಡರ ಬಲೆ, ಧೂಳು, ಎಣ್ಣೆ ಜಿಡ್ಡು ಕಟ್ಟಿದ್ದರೆ ತೆಗೆಯಬೇಕು. ಸಾರು ಉಕ್ಕಿ ಉಪ್ಪಿನ ನೀರು ಬಿದ್ದಾಗಲೂ ಉರಿ ಒಂದು ಗಳಿಗೆ ಹಳದಿಯಾಗುವುದುಂಟು. ಅದಕ್ಕೆ ಗಾಬರಿ ಬೇಡ. ಆದರೆ ದಿನವೂ ಹಳದಿಯಾಗಿ ಉರಿಯುವ ಒಲೆಯನ್ನು ಹಾಗೆಯೇ ಬಿಡಬಾರದು. ಅರೆಬರೆ ಉರಿದ ಅನಿಲದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆ ಸುತ್ತು, ಓಕರಿಕೆ ಬಂದು, ಬಾಗಿಲು ಮುಚ್ಚಿದ ಕೋಣೆಯಲ್ಲಿ ಮನುಷ್ಯ ಎಚ್ಚರ ತಪ್ಪುತ್ತಾನೆ. ಚಳಿಗಾಲದಲ್ಲಿ ಕಿಟಕಿ ಬಾಗಿಲು ಮುಚ್ಚಿ ಒಲೆಯ ಮುಂದೆ ಬೆಚ್ಚಗೆ ಕೂರುವುದು, ಗಾಳಿಯಾಡದ ಬಚ್ಚಲಿನಲ್ಲಿ ಅನಿಲದಿಂದ ನೀರು ಕಾಯಿಸುವುದು ಅಪಾಯಕರ. ಇದು ಗೋಬರ್ ಅನಿಲಕ್ಕೂ ಸಿಲಿಂಡರ್ ಅನಿಲಕ್ಕೂ ಸಮಾನವಾದ ಮಾತು.

ಉರಿ ಬರ್ನರ್ ಬಿಟ್ಟು ಮೇಲಕ್ಕೆ ಹಾರಿ ಹಾರಿ ಆರುತ್ತಿದ್ದರೆ ಗಾಳಿ ಹೆಚ್ಚಾಗಿದೆ ಇಲ್ಲವೆ ಒತ್ತಡ ಹೆಚ್ಚಾಗಿದೆ. ಗಾಳಿ ಕಿಂಡಿಯನ್ನು ಕಿರಿದು ಮಾಡಿ, ಕೊಳಾಯಿಯನ್ನು ಸ್ವಲ್ಪ ತಿರುಗಿಸಿದರೆ ಸರಿಹೋಗುತ್ತದೆ. ಡ್ರಮ್ಮಿನ ಸ್ಥಾವರದಲ್ಲಿ ಒತ್ತಡ ಸುಮಾರು 10 ಸೆಂಟಿಮೀಟರ್ ನೀರಿನ ಎತ್ತರದಷ್ಟು ಇದ್ದು, ದಿನವಿಡೀ ಹೆಚ್ಚು ಕಡಿಮೆ ಒಂದೇ ಸಮ ಇರುತ್ತದೆ. ಗುಮ್ಮಟದ ಸ್ಥಾವರದಲ್ಲಿ ಬೆಳಿಗ್ಗೆ ಅನಿಲ ತುಂಬಿದ್ದಾಗ ಒತ್ತಡ ಅದರ ಹಲವು ಪಟ್ಟು ಇದ್ದು, ಬಳಸುತ್ತ ಹೋದಂತೆ ಇಳಿಯುತ್ತದೆ. ಆದ್ದರಿಂದ ಗುಮ್ಮಟದ ಸ್ಥಾವರವಿರುವ ಮನೆಯಲ್ಲಿ ಬೆಳಗಿನ ಕಾಫಿಗೆ ಕೊಳಾಯಿಯನ್ನು ಪೂರ್ತಿ ತಿರುಗಿಸಬೇಕಾಗಿಲ್ಲ.

ಉರಿ ಏರುತ್ತ ಇಳಿಯುತ್ತ ಕುಣಿಯುತ್ತಿದ್ದರೆ ಕೊಳವೆಯಲ್ಲಿ ನೀರು ನಿಂತಿದೆ. ಕಡ್ಡಿ ಹಚ್ಚಿದರೂ ಹತ್ತದೆ, ಅನಿಲ ಮಾತ್ರ ಬರುತ್ತಿದ್ದರೆ ಅದರಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿದೆ. ಹೊಸದಾಗಿ ತುಂಬಿದ ಸ್ಥಾವರದಲ್ಲಿ ಹೀಗಾಗುವುದು ಸಹಜ. ಮೊದಲು ತುಂಬಿದ ಅನಿಲದಲ್ಲಿ ಗಾಳಿಯೂ ಬೆರೆತಿರುವುದರಿಂದ ಅದನ್ನು ಹಚ್ಚಲು ಹೋಗದೆ, ಸುತ್ತ ಬೆಂಕಿಯಿಲ್ಲದಂತೆ ನೋಡಿಕೊಂಡು ಬಯಲಿಗೆ ಬಿಡಬೇಕು.

ಒಲೆಯ ಪಾಲನೆ

ಗೋಬರ್ ಅನಿಲಕ್ಕೆ ಅದರದೇ ಒಲೆ ಬೇಕು. ಸಿಲಿಂಡರ್ ಅನಿಲ ಹೆಚ್ಚು ಒತ್ತಡದಲ್ಲಿ ಸಣ್ಣ ರಂಧ್ರದಿಂದ ಬರುವಂಥದು, ಉರಿಯಲು ಬಹಳ ಗಾಳಿ ಬೇಡುವಂಥದು. ಒಂದು ಪಾಲು ಗೋಬರ್ ಅನಿಲಕ್ಕೆ ಆರು ಪಾಲಿನಷ್ಟು ಗಾಳಿ ಸಾಕು. ಆದರೆ ರಂಧ್ರ ದೊಡ್ಡದಿರಬೇಕು. ಸಿಲಿಂಡರ್ ಒಲೆಯ ರಂಧ್ರವನ್ನು ಮೊಳೆಯಿಂದ ದೊಡ್ಡದು ಮಾಡಿ ಬಳಸುವುದು, ಇಂದು ಇದಕ್ಕೆ ನಾಳೆ ಅದಕ್ಕೆ ಜೋಡಿಸುವುದು ಸರ್ವಥಾ ಸಲ್ಲದು. ಈಗ ಅನೇಕ ಮನೆಗಳಲ್ಲಿ ಎರಡೂ ಅನಿಲಗಳಿವೆ. ಒಲೆ ಬೇರೆ, ಕೊಳವೆ ಬೇರೆ ಇರಲಿ. ಒಲೆ ಕೊಳ್ಳುವಾಗ ಐ.ಎಸ್.ಐ. ಗುರುತು ನೋಡಬೇಕು.

ಅನಿಲದಲ್ಲಿರುವ ಹೈಡ್ರೋಜನ್ ಸಲ್ಫೈಡ್ ಹಿತ್ತಾಳೆ, ತಾಮ್ರಗಳನ್ನು ತಿನ್ನುತ್ತದೆ. ಇದರಿಂದ ಕೊಳಾಯಿಗಳು ಬಿಗಿಯಾಗುತ್ತವೆ, ರಂಧ್ರಗಳಲ್ಲಿ ಕಸರು ಕಟ್ಟುತ್ತದೆ. ವಾರಕ್ಕೊಮ್ಮೆ ಬರ್ನರ್ ಬಿಚ್ಚಿ ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ ಕೂರಿಸಬೇಕು. ಅನಿಲ ಬರುವ ರಂಧ್ರವನ್ನು ದಪ್ಪ ಸೂಜಿಯಿಂದ ಚುಚ್ಚಬಾರದು. ರಂಧ್ರ ಅಗಲವಾದರೆ ಉರಿ ಕೆಡುತ್ತದೆ. ಬಿಗಿಯಾದ ಕೊಳಾಯಿಯನ್ನು ಸುತ್ತಿಗೆಯಿಂದ ಬಡಿದು ತಿರುಗಿಸದೆ, ಬಿಚ್ಚಿಸಿ ಗ್ರೀಸ್ ಹಾಕಿಸಬೇಕು. ಸೋರಿದರೆ ಬದಲಾಯಿಸಬೇಕು.

ಒಲೆ ಹಚ್ಚುವಾಗ ಕಡ್ಡಿಯನ್ನು ಗೀರಿ ಬರ್ನರ್ ಬಳಿ ಹಿಡಿದು, ಆಮೇಲೆ ಕೊಳಾಯಿ ತಿರುಗಿಸಬೇಕು. ಕೊಳಾಯಿ ತಿರುಗಿಸಿಟ್ಟು ಬೆಂಕಿಪೊಟ್ಟಣ ಹುಡುಕುವ ಅಭ್ಯಾಸ ಕೆಟ್ಟದ್ದು.

ಇನ್ನೊಂದು ಸಂದರ್ಭವನ್ನು ಹೆಚ್ಚಿನ ಗಮನದಿಂದ ಕೇಳಬೇಕು. ಬೇಳೆ ಬೇಯುತ್ತಿರುವಾಗಲೇ ಅನಿಲ ಮುಗಿದು ಒಲೆ ತಾನಾಗಿ ಆರುತ್ತದೆ. ಗೃಹಿಣಿ ಬೇಳೆಯನ್ನು ಸೌದೆ ಒಲೆಗೆ ಏರಿಸುತ್ತಾಳೆ. ಕೊಳಾಯಿ ತೆರೆದೇ ಉಳಿಯುತ್ತದೆ. ಒಂದೆರಡು ಗಂಟೆಯಲ್ಲಿ ಸ್ಥಾವರದಲ್ಲಿ ಮತ್ತೆ ಅನಿಲ ಕೂಡಿಕೊಂಡು, ಆರಿದ ಒಲೆಯಿಂದ ಸದ್ದಿಲ್ಲದೆ ಹೊರಬರುತ್ತದೆ. ಪಕ್ಕದಲ್ಲಿ ಸೌದೆ ಒಲೆ ಉರಿಯುತ್ತಲೇ ಇರುತ್ತದೆ. ಇದರ ಫಲವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಒಲೆ ಯಾವ ಕಾರಣಕ್ಕೆ ಆರಿದರೂ ಮೊದಲು ಕೊಳಾಯಿ ಮುಚ್ಚಬೇಕು. ರಾತ್ರಿ ಮಲಗುವ ಮುನ್ನ ಒಲೆಯ ಕೊಳಾಯಿಯ ಜೊತೆಗೆ ಸ್ಥಾವರದ ಬಳಿಯಿರುವ ಮುಖ್ಯ ಕೊಳಾಯಿಯನ್ನೂ ಮುಚ್ಚುವುದು ಒಳ್ಳೆಯ ರೂಢಿ.

ಕೊಳವೆಯ ಪಾಲನೆ

ಸ್ಥಾವರದಿಂದ ಬರುವ ಅನಿಲ ಬೆಚ್ಚಗಿದ್ದು ಆವಿಯಿಂದ ಕೂಡಿರುತ್ತದೆ. ಕೊಳವೆಯಲ್ಲಿ ತಣ್ಣಗಾದಾಗ ಆವಿ ನೀರಾಗುತ್ತದೆ. ಆದ್ದರಿಂದ ಕೊಳವೆಯನ್ನು ಕೂರಿಸುವಾಗ ನೂರು ಅಡಿಗೆ ಒಂದು ಅಡಿಯಂತೆ ಒಂದೇ ಕಡೆಗೆ ಇಳಿಜಾರು ಕೊಟ್ಟು, ಅತ್ಯಂತ ತಗ್ಗಿನ ಜಾಗದಲ್ಲಿ ನೀರು ತೆಗೆಯುವ ಕೊಳಾಯಿ ಇಡುತ್ತಾರೆ. ಇದನ್ನು ವಾರಕ್ಕೊಮ್ಮೆ, ಮಳೆಗಾಲ ಮತ್ತು ಚಳಿಗಾಲದಲ್ಲಿ ಇನ್ನೂ ಬೇಗ ಬೇಗ ತೆರೆದು ನೀರು ಬಿಡಬೇಕು. ನೀರು ಮುಗಿದು ಅನಿಲ ಬರತೊಡಗಿದೊಡನೆ ಮುಚ್ಚಬೇಕು. ಈ ಕೆಲಸ ಮಾಡುವಾಗ ಬಾಯಲ್ಲಿ ಬೀಡಿ, ಕೈಯಲ್ಲಿ ದೀಪ ಇರಕೂಡದು. ಕೊಳವೆ ನಡುವೆ ಜೋತುಬಿದ್ದಿದ್ದರೆ ಎಷ್ಟು ನೀರು ತೆಗೆದರೂ ಅಲ್ಲಿ ಮತ್ತೆ ನಿಲ್ಲುತ್ತದೆ. ಅಂತಹ ಕಡೆ ಆಧಾರ ಕೊಟ್ಟು ಎತ್ತಬೇಕು.

ಗೋಡೆಯ ಕೊಳಾಯಿಯಿಂದ ಒಲೆಗೆ ಹೋಗುವ ರಬ್ಬರ್ ಕೊಳವೆಯೇ ಎಲ್ಲಕ್ಕಿಂತ ಬೇಗ ಕೆಡುವ ಭಾಗ. ಬಿಸಿಗೆ ಬಿರಿಯುತ್ತದೆ, ಇಲಿ ಕಡಿಯುತ್ತದೆ, ಪಾತ್ರೆಯ ಕೆಳಗೆ ಸಿಕ್ಕಿ ಸುಡುತ್ತದೆ. ತಿಂಗಳಿಗೊಮ್ಮೆ ಅದನ್ನು ಬಗ್ಗಿಸಿ ನೋಡಬೇಕು. ಸಣ್ಣ ಬಿರುಕು ಕಂಡರೂ ಬದಲಾಯಿಸಬೇಕು. ತೋಟಕ್ಕೆ ನೀರು ಬಿಡುವ ಪ್ಲಾಸ್ಟಿಕ್ ಕೊಳವೆಯನ್ನು ತುಂಡು ಮಾಡಿ ಸಿಕ್ಕಿಸುವುದು, ಹರಿದ ಜಾಗಕ್ಕೆ ಬಟ್ಟೆ ಸುತ್ತುವುದು ಉಳಿತಾಯವಲ್ಲ.

ಸೋರಿಕೆಯ ಸಂಶಯವಿದ್ದರೆ ಸೋಪನ್ನು ನೊರೆ ಮಾಡಿ ಕೀಲುಗಳಿಗೆಲ್ಲ ಸವರಬೇಕು. ಗುಳ್ಳೆ ಎದ್ದ ಕಡೆ ಸೋರುತ್ತಿದೆಯೆಂದು ತಿಳಿಯಬೇಕು. ಕಡ್ಡಿ ಗೀರಿ ಕೊಳವೆಯ ಉದ್ದಕ್ಕೂ ಹಿಡಿದು ನೋಡುವವರು ಈಗಲೂ ಇದ್ದಾರೆ. ಇದು ಅತ್ಯಂತ ಅಪಾಯಕರ ಪರೀಕ್ಷೆ. ಹಾಗೆಯೇ ಅನಿಲ ಬಂದಿದೆಯೇ ಎಂದು ಗುಮ್ಮಟದ ಅಥವಾ ಡ್ರಮ್ಮಿನ ಕೊಳವೆಯ ಬಾಯಿಗೆ ಬೆಂಕಿ ತೋರಿಸಬಾರದು. ಒಳಗೆ ಗಾಳಿ ಬೆರೆತಿದ್ದರೆ ಉರಿ ಹಿಮ್ಮೆಟ್ಟಿ ಇಡೀ ಸ್ಥಾವರ ಸಿಡಿಯಬಹುದು. ಅನಿಲವನ್ನು ಹಚ್ಚಿ ನೋಡುವ ಜಾಗ ಒಲೆಯೊಂದೇ.

ಮನೆಯೊಳಗೆ ಕೊಳೆತ ಮೊಟ್ಟೆಯ ವಾಸನೆ ಬಂದರೆ ಉರಿಯುವ ಒಲೆ, ದೇವರ ದೀಪ, ಊದುಬತ್ತಿಗಳನ್ನು ಆರಿಸಬೇಕು. ವಿದ್ಯುತ್ ದೀಪದ ಗುಂಡಿಯನ್ನು ಹಾಕಲೂಬಾರದು, ಆರಿಸಲೂಬಾರದು. ಅಲ್ಲಿ ಹುಟ್ಟುವ ಕಣ್ಣಿಗೆ ಕಾಣದ ಕಿಡಿ ಸಾಕು. ಬಾಗಿಲು, ಕಿಟಕಿಗಳನ್ನೆಲ್ಲ ತೆರೆದು, ಹೊರಗೆ ಹೋಗಿ ಮುಖ್ಯ ಕೊಳಾಯಿ ಮುಚ್ಚಬೇಕು. ಸಿಲಿಂಡರ್ ಅನಿಲ ನೆಲದ ಮೇಲೆ ಹರಿದರೆ ಮೀಥೇನ್ ಸೂರಿನ ಕಡೆಗೆ ಏರುತ್ತದೆ. ಆದ್ದರಿಂದ ಅಡಿಗೆಮನೆಯ ಗೋಡೆಯ ಮೇಲ್ಭಾಗದಲ್ಲಿ ಗವಾಕ್ಷಿ ಇರಲೇಬೇಕು; ಮಳೆಯ ಎರಚಲಿಗೆಂದು ಅದಕ್ಕೆ ಗೋಣಿಚೀಲ ತುರುಕಬಾರದು.

ಸ್ಥಾವರದ ಪಾಲನೆ

ಎರಡು ಘನ ಮೀಟರ್ ಅಳತೆಯ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು. ಇದು ನಾಲ್ಕೈದು ದನಗಳ ಸಗಣಿ. ಇದರಿಂದ ಐದಾರು ಜನರ ಅಡಿಗೆಗೆ ಸಾಲುವಷ್ಟು ಅನಿಲ ದೊರೆಯುತ್ತದೆ. ಒಂದು ಘನ ಮೀಟರ್ ಅನಿಲ ಸುಮಾರು ಮೂರೂವರೆ ಕಿಲೋ ಸೌದೆಗೆ ಸಮ. ಎರಡು ದನ ಮಾರಿದ ಮೇಲೆ ಅನಿಲ ಸಾಲದೆಂದು ಸ್ಥಾವರವನ್ನು ದೂರುವುದು ನ್ಯಾಯವಲ್ಲ.

ಸಗಣಿಗೆ ಅಷ್ಟೇ ಅಳತೆಯ ನೀರು ಸೇರಿಸಿ, ಗಂಟಿಲ್ಲದಂತೆ ಕಲಸಿ, ಹುಲ್ಲು, ಕಡ್ಡಿ, ಕಲ್ಲುಗಳನ್ನು ಆರಿಸಿ ಬಿಡಬೇಕು. ಹುಲ್ಲು ಮೇಲೆ ತೇಲಿ ದಪ್ಪ ಕೆನೆ ಕಟ್ಟುತ್ತದೆ. ಮಣ್ಣು, ಮರಳು ತಳದಲ್ಲಿ ಕೂತು ಜಾಗ ತಿನ್ನುತ್ತವೆ. ಈ ಎರಡರಿಂದಲೇ ಗುಂಡಿ ಬೇಗ ತುಂಬಿ ಶುದ್ಧಿ ಮಾಡುವ ಪ್ರಸಂಗ ಬರುತ್ತದೆ. ದಿನವೂ ಕಲಸುವ ತೊಟ್ಟಿಯಲ್ಲಿ ಹತ್ತು ನಿಮಿಷ ಎಚ್ಚರ ವಹಿಸಿದರೆ ಗುಂಡಿಯನ್ನು ಅನೇಕ ವರ್ಷ ತೆರೆಯಬೇಕಾಗುವುದಿಲ್ಲ. ಸುರಕ್ಷತೆಯ ನಿಜವಾದ ಆರಂಭ ಇಲ್ಲಿಯೇ. ಕೊಟ್ಟಿಗೆ ತೊಳೆದ ಫಿನಾಯಿಲ್ ನೀರು, ಸೋಪಿನ ನೀರು, ಔಷಧಿ ಸಿಂಪಡಿಸಿದ ಪಂಪು ತೊಳೆದ ನೀರು ಗುಂಡಿಗೆ ಹೋಗಬಾರದು. ಅನಿಲ ಹುಟ್ಟಿಸುವ ಸೂಕ್ಷ್ಮಜೀವಿಗಳು ಇವುಗಳಿಂದ ಸಾಯುತ್ತವೆ. ಈ ಜೀವಿಗಳಿಗೆ ಬಿಸುಪು ಬೇಕು. 30ರಿಂದ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚೆನ್ನಾಗಿ ಕೆಲಸ ಮಾಡುವ ಅವು 20 ಡಿಗ್ರಿಗಿಂತ ಕೆಳಗೆ ಮಂದವಾಗುತ್ತವೆ. ಮಲೆನಾಡಿನ ಚಳಿಯಲ್ಲಿ ಬಿಸಿಲಿಗೆ ಕಾದ ನೀರಿನಿಂದ ಸಗಣಿ ಕಲಸುವುದು ಪ್ರಯೋಜನಕಾರಿ.

ಡ್ರಮ್ಮನ್ನು ದಿನಕ್ಕೊಮ್ಮೆ ಅತ್ತಿತ್ತ ತಿರುಗಿಸಿದರೆ ಕೆನೆ ಒಡೆಯುತ್ತದೆ. ವರ್ಷಕ್ಕೊಮ್ಮೆ, ಬೇಸಗೆಯಲ್ಲಿ, ಅನಿಲವನ್ನು ಖಾಲಿ ಮಾಡಿ, ತುಕ್ಕು ಕೆರೆದು ಬಣ್ಣ ಬಳಿಸಬೇಕು. ಡ್ರಮ್ಮು ಎಲ್ಲಿಯಾದರೂ ಸಿಕ್ಕಿಕೊಂಡು ಓರೆಯಾಗಿದ್ದರೆ, ಅದು ಕೆಳಗಿಳಿಯದೆ ಒಳಗೆ ಗಾಳಿಯನ್ನು ಎಳೆದುಕೊಳ್ಳಬಹುದು. ಆಗ ಒಲೆ ಹಚ್ಚದೆ ಮೊದಲು ಅದನ್ನು ಸರಿಪಡಿಸಬೇಕು. ಗುಮ್ಮಟದ ಸ್ಥಾವರದಲ್ಲಿ ಮುಖ್ಯ ಕೊಳಾಯಿ ಮುಚ್ಚಿರುವಾಗ ಹೊರತೊಟ್ಟಿಯಿಂದ ಒಮ್ಮೆಲೇ ಹೆಚ್ಚು ಬಗ್ಗಡ ತೆಗೆಯಬಾರದು. ಒಳಗೆ ಬರಿದಾಗಿ, ಹೊರಗಿನ ಗಾಳಿಯನ್ನು ಹೀರಿಕೊಳ್ಳುತ್ತದೆ.

ಗುಮ್ಮಟದ ಮೇಲಿನ ಮಣ್ಣು ಮಳೆಗೆ ಕೊಚ್ಚಿಹೋಗದಂತೆ ನೋಡಿಕೊಳ್ಳಬೇಕು; ಒಳಗಿನ ಒತ್ತಡವನ್ನು ತಡೆಯುವುದರಲ್ಲಿ ಈ ಮಣ್ಣಿನ ಭಾರದ ಪಾಲೂ ಇದೆ. ಒಳತೊಟ್ಟಿ, ಹೊರತೊಟ್ಟಿಗಳ ಮೇಲೆ ಚಪ್ಪಡಿ ಸದಾ ಮುಚ್ಚಿರಬೇಕು. ಬಗ್ಗಡದ ಮೇಲೆ ಒಣಗಿದ ಕೆನೆ ನೋಡಲು ನೆಲದಂತೆಯೇ ಕಾಣುತ್ತದೆ. ಆಟದ ಮಕ್ಕಳಿಗೂ ಕರುಗಳಿಗೂ ವ್ಯತ್ಯಾಸ ತಿಳಿಯದು. ಬಗ್ಗಡದ ಗುಂಡಿಗೂ ಬೇಲಿ ಬೇಕು. ಇವೆಲ್ಲ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 15 ಮೀಟರ್ ದೂರವಿರಬೇಕು.

ಗುಂಡಿಯ ಬಾಯಿಯಲ್ಲಿ ನಿಲ್ಲಬೇಕು

ಇಲ್ಲಿಯವರೆಗೆ ಹೇಳಿದ್ದೆಲ್ಲ ಮನೆಯವರು ಮಾಡಬಹುದಾದ ಕೆಲಸ. ಗುಂಡಿಯ ಬಾಯಿಯಲ್ಲಿ ಅವರು ನಿಲ್ಲಬೇಕು.

ಅಪಘಾತ ನಡೆಯುವ ರೀತಿ ಹೆಚ್ಚಾಗಿ ಒಂದೇ. ಅನಿಲ ಕಡಿಮೆಯಾಗಿದೆಯೆಂದೋ, ತಳದ ಹೂಳು ತೆಗೆಯಬೇಕೆಂದೋ, ಬಿದ್ದ ಬಕೆಟ್ ಎತ್ತಬೇಕೆಂದೋ ಒಬ್ಬನು ಇಳಿಯುತ್ತಾನೆ. ಬಗ್ಗಡವನ್ನೆಲ್ಲ ಎತ್ತಿ ಹಾಕಿದೆ, ಗುಂಡಿ ಖಾಲಿ ಇದೆ ಎಂದು ಅವನ ಭಾವನೆ. ಆದರೆ ಅಲ್ಲಿ ಭಾರವಾದ ಇಂಗಾಲದ ಡೈಆಕ್ಸೈಡ್ ನೀರಿನಂತೆ ನಿಂತಿರುತ್ತದೆ. ಮನುಷ್ಯ ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 21 ಭಾಗ ಆಮ್ಲಜನಕವಿರಬೇಕು. 10ಕ್ಕಿಂತ ಕಡಿಮೆಯಾದರೆ ಕೂಗಲೂ ಸಮಯವಿಲ್ಲದೆ ಎಚ್ಚರ ತಪ್ಪುತ್ತದೆ. ಇಳಿದವನು ತಳದ ಹೂಳನ್ನು ತುಳಿದಾಗ ಅದರಲ್ಲಿ ಅಡಗಿದ್ದ ಹೈಡ್ರೋಜನ್ ಸಲ್ಫೈಡ್ ಹೊಸದಾಗಿ ಬಿಡುಗಡೆಯಾಗುತ್ತದೆ. ವಾಸನೆಯಿಂದ ತಿಳಿಯಬಹುದಲ್ಲವೆ ಎಂದು ಕೇಳಬಹುದು. ಈ ವಿಷದ ಮೋಸ ಇರುವುದೇ ಅಲ್ಲಿ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗಕ್ಕಿಂತ ಕಡಿಮೆಯಿದ್ದರೂ ಮೂಗಿಗೆ ತಿಳಿಯುವ ಅದು, ನೂರು ಭಾಗದಷ್ಟಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ನಿಂತಿತು, ಅನಿಲ ಹೋಯಿತು ಎಂದು ಮನುಷ್ಯ ತಿಳಿಯುವ ಹೊತ್ತಿಗೆ ಅಪಾಯ ಹೆಚ್ಚಾಗಿರುತ್ತದೆ.

ಅವನು ಕುಸಿದುದನ್ನು ಮೇಲಿನಿಂದ ತಮ್ಮನು ನೋಡುತ್ತಾನೆ. ಅಣ್ಣನನ್ನು ಎತ್ತಲು ಇಳಿಯುತ್ತಾನೆ. ಅವನ ಹಿಂದೆ ಆಳು ಇಳಿಯುತ್ತಾನೆ. ಒಂದೇ ಮನೆಯ ಇಬ್ಬರು ಮೂವರು ಕೆಲವೇ ನಿಮಿಷಗಳಲ್ಲಿ ಹೋಗುವುದು ಹೀಗೆ. ಇಂತಹ ಮುಚ್ಚಿದ ಗುಂಡಿ, ತೊಟ್ಟಿಗಳಲ್ಲಿ ಸತ್ತವರ ಪೈಕಿ ನೂರಕ್ಕೆ 60ಕ್ಕೂ ಹೆಚ್ಚು ಮಂದಿ ಇನ್ನೊಬ್ಬರನ್ನು ಉಳಿಸಲು ಇಳಿದವರೆಂದು ಅಮೆರಿಕದ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯು 1986ರಲ್ಲಿ ಎಚ್ಚರಿಸಿತು. ಧೈರ್ಯವೂ ಬಂಧುಪ್ರೇಮವೂ ಅಲ್ಲಿ ರಕ್ಷಣೆ ಕೊಡುವುದಿಲ್ಲ.

ಆದ್ದರಿಂದ ಯಾರಾದರೂ ಒಳಗೆ ಬಿದ್ದರೆ ಮೇಲಿರುವವರು ಇಳಿಯಕೂಡದು. ಎಚ್ಚರವಿದ್ದರೆ ಹಗ್ಗ ಎಸೆದು ಹಿಡಿದುಕೊಳ್ಳಲು ಹೇಳಬೇಕು. ಮುಚ್ಚಳಗಳನ್ನೆಲ್ಲ ತೆಗೆದು ಗಾಳಿಯಾಡಿಸಬೇಕು, ಬೆಂಕಿಯನ್ನು ದೂರವಿಡಬೇಕು, ತಕ್ಷಣ 112 ಅಥವಾ ಅಗ್ನಿಶಾಮಕ ದಳದ 101ಕ್ಕೆ ಫೋನು ಮಾಡಬೇಕು. ಒಳಗೆ ಇಳಿಯುವವರು ಬೆನ್ನಿಗೆ ಗಾಳಿಯ ಸಿಲಿಂಡರ್ ಹೊತ್ತವರೇ ಆಗಿರಬೇಕು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡರೆ ಸಾಕೆಂಬುದು ತಪ್ಪು ನಂಬಿಕೆ. ಬಟ್ಟೆ ವಿಷಾನಿಲವನ್ನು ಸೋಸುವುದಿಲ್ಲ, ಇಲ್ಲದ ಆಮ್ಲಜನಕವನ್ನು ಕೊಡುವುದೂ ಇಲ್ಲ. ಹೊರತೆಗೆದವನನ್ನು ಬಯಲಿನಲ್ಲಿ ಅಂಗಾತ ಮಲಗಿಸಿ, ಉಸಿರು ನಿಂತಿದ್ದರೆ ಬಲ್ಲವರು ಎದೆ ಒತ್ತುವ ಪ್ರಥಮ ಚಿಕಿತ್ಸೆ ಮಾಡುತ್ತಲೇ ಆಸ್ಪತ್ರೆಗೆ ಸಾಗಿಸಬೇಕು.

ಗುಂಡಿಯನ್ನು ಶುದ್ಧಿ ಮಾಡಲೇಬೇಕಾದಾಗ ಬಯೋಗ್ಯಾಸ್ ಕೆಲಸದಲ್ಲಿ ತರಬೇತಿ ಪಡೆದ ಮೇಸ್ತ್ರಿಯನ್ನು ಕರೆಸಬೇಕು. ಸಗಣಿ ಹಾಕುವುದನ್ನು ನಿಲ್ಲಿಸಿ, ಅನಿಲ ಮುಗಿಸಿ, ಕೊಳವೆ ಬಿಚ್ಚಿ, ಬಗ್ಗಡವನ್ನು ಪಂಪಿನಿಂದ ಅಥವಾ ಉದ್ದ ಕೋಲಿಗೆ ಕಟ್ಟಿದ ಬಕೆಟ್ಟಿನಿಂದ ಹೊರಗೆ ನಿಂತೇ ತೆಗೆಯಬೇಕು. ಸಾಧ್ಯವಾದಷ್ಟು ಕೆಲಸ ಇಳಿಯದೆಯೇ ಮುಗಿಯಬೇಕು. ಅನಂತರ ಬಾಯಿಗಳನ್ನು ತೆರೆದಿಟ್ಟು ಹಲವು ದಿನ ಗಾಳಿಯಾಡಿಸಬೇಕು; ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಿಂದ ತಳದವರೆಗೆ ಊದಿಸಬೇಕು. ಒಳಗಿನ ಗಾಳಿಯನ್ನು ಅಳೆಯುವ ಉಪಕರಣದಿಂದ ಪರೀಕ್ಷಿಸದೆ, ಸೊಂಟಪಟ್ಟಿ ಮತ್ತು ಹಗ್ಗ ಕಟ್ಟದೆ, ಮೇಲೆ ಎಳೆಯಲು ಇಬ್ಬರು ಗಟ್ಟಿ ಆಳುಗಳು ನಿಲ್ಲದೆ ಯಾರನ್ನೂ ಇಳಿಸಕೂಡದು. ಹಿಂದೆ ಕೋಳಿಯನ್ನು ಬುಟ್ಟಿಯಲ್ಲಿ ಇಳಿಸಿ, ಅದು ಬದುಕಿದ್ದರೆ ಗುಂಡಿ ಸುರಕ್ಷಿತವೆಂದು ಎಣಿಸುವ ಪದ್ಧತಿಯಿತ್ತು. ಕೋಳಿ ಹೂಳನ್ನು ಕಲಕುವುದಿಲ್ಲ, ಮನುಷ್ಯ ಕಲಕುತ್ತಾನೆ. ಆದ್ದರಿಂದ ಆ ಪರೀಕ್ಷೆಯನ್ನು ನೆಚ್ಚುವಂತಿಲ್ಲ. ಲಾಟೀನು ಇಳಿಸಿ ನೋಡುವುದಂತೂ ಸಿಡಿತಕ್ಕೆ ಆಹ್ವಾನ.

ನಿಂತುಹೋದ ಸ್ಥಾವರ

2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಹಳ್ಳಿಗಳಿಗೂ ಸಿಲಿಂಡರ್ ಒಲೆ ಸುಲಭವಾಯಿತು. ದನ ಕಡಿಮೆಯಾದ ಮನೆಗಳಲ್ಲಿ ಹಳೆಯ ಸ್ಥಾವರಗಳು ಮೂಲೆಗೆ ಬಿದ್ದಿವೆ. ಬಳಸದ ಸ್ಥಾವರ ಸತ್ತ ಸ್ಥಾವರವಲ್ಲ. ಒಳಗೆ ಉಳಿದ ಸಗಣಿ ವರ್ಷಗಟ್ಟಲೆ ಅನಿಲ ಬಿಡುತ್ತಿರಬಹುದು. ಅದರ ಕೊಳವೆ ಇನ್ನೂ ಅಡಿಗೆಮನೆಯ ಗೋಡೆಯಲ್ಲಿದ್ದರೆ ತುಕ್ಕು ಹಿಡಿದ ಕೊಳಾಯಿ ಸೋರಬಹುದು. ಮುರಿದ ಚಪ್ಪಡಿಯ ಮೇಲೆ ಹುಲ್ಲು ಬೆಳೆದು, ಅಲ್ಲಿ ಗುಂಡಿಯಿರುವುದೇ ಮರೆತುಹೋಗುತ್ತದೆ.

ಮತ್ತೆ ನಡೆಸುವ ಮನಸ್ಸಿದ್ದರೆ ಕೃಷಿ ವಿಜ್ಞಾನ ಕೇಂದ್ರದ ಅಥವಾ ಹತ್ತಿರದ ಕೃಷಿ ಇಲಾಖೆಯ ಸಲಹೆ ಪಡೆದು ದುರಸ್ತಿ ಮಾಡಿಸಬೇಕು. ಇಲ್ಲವಾದರೆ ಕೊಳವೆಯನ್ನು ಸ್ಥಾವರದ ಬಳಿಯೇ ಬಿಚ್ಚಿಸಿ, ಬಗ್ಗಡ ತೆಗೆಸಿ, ತಿಳಿದವರ ನೇತೃತ್ವದಲ್ಲಿ ಮಣ್ಣಿನಿಂದ ಮುಚ್ಚಿಸಬೇಕು. ಹಾಗೆಯೇ ಬಿಡುವುದು ಮಾತ್ರ ಬೇಡ.

ನೆನಪಿಡಬೇಕಾದ ಕ್ರಮ

ದಿನವೂ: ಸಗಣಿಯನ್ನು ಅಳತೆಯಲ್ಲಿ ಕಲಸಿ ಹಾಕುವುದು, ಉರಿಯ ಬಣ್ಣ ನೋಡುವುದು, ಡ್ರಮ್ಮನ್ನು ತಿರುಗಿಸುವುದು, ರಾತ್ರಿ ಮುಖ್ಯ ಕೊಳಾಯಿ ಮುಚ್ಚುವುದು.

ವಾರಕ್ಕೊಮ್ಮೆ: ಬರ್ನರ್ ತೊಳೆಯುವುದು, ಕೊಳವೆಯ ನೀರು ತೆಗೆಯುವುದು, ಚಪ್ಪಡಿಗಳು ಸರಿಯಾಗಿ ಕೂತಿವೆಯೇ ಎಂದು ನೋಡುವುದು.

ತಿಂಗಳಿಗೊಮ್ಮೆ: ಕೀಲುಗಳಿಗೆ ಸೋಪಿನ ನೊರೆ ಸವರಿ ಪರೀಕ್ಷಿಸುವುದು, ರಬ್ಬರ್ ಕೊಳವೆಯನ್ನು ಬಗ್ಗಿಸಿ ನೋಡುವುದು.

ವರ್ಷಕ್ಕೊಮ್ಮೆ: ಡ್ರಮ್ಮಿಗೆ ಬಣ್ಣ ಬಳಿಸುವುದು, ಗುಮ್ಮಟದ ಮೇಲಿನ ಮಣ್ಣು ಸರಿಪಡಿಸುವುದು, ತಿಳಿದ ಮೇಸ್ತ್ರಿಯಿಂದ ಸ್ಥಾವರವನ್ನು ತಪಾಸಣೆ ಮಾಡಿಸುವುದು.

ಎಂದೆಂದಿಗೂ: ಮನೆಯವರಾಗಲಿ, ಆಳಾಗಲಿ, ಒಬ್ಬನನ್ನು ಉಳಿಸುವುದಕ್ಕಾಗಲಿ, ಹಾಗೆಯೇ ಗುಂಡಿಗೆ ಇಳಿಯದಿರುವುದು.

ಈ ಕೆಲಸಗಳಲ್ಲಿ ಹೆಚ್ಚಿನವಕ್ಕೆ ಹಣ ಬೇಕಿಲ್ಲ; ಬೇಕಾದ್ದು ತಪ್ಪದ ಗಮನ. ದನಕ್ಕೆ ಹುಲ್ಲು ಹಾಕಿ ಮೈ ನೇವರಿಸುವ ರೈತನು ಸ್ಥಾವರದ ಕಡೆಗೂ ದಿನಕ್ಕೊಮ್ಮೆ ಹೋಗಿ ಬಂದರೆ ಒಲೆಯ ಉರಿ ನೀಲಿಯಾಗಿರುತ್ತದೆ, ತೋಟಕ್ಕೆ ಗೊಬ್ಬರ ಬರುತ್ತದೆ, ಮನೆಮಂದಿಯೆಲ್ಲ ಸಂಜೆ ಒಟ್ಟಿಗೆ ಊಟಕ್ಕೆ ಕೂರುತ್ತಾರೆ.